ಲೋಮನಾಳದಿಂದ ಚಿಪ್‌ವರೆಗೆ: ದ್ರವವನ್ನು ಅಳೆದ ಕಿರುಕಾಲುವೆಗಳು

ಒಂದು ಚಮಚ ನೀರನ್ನೂ ಒಂದು ಚಮಚ ಜೇನುತುಪ್ಪವನ್ನೂ ಸುರಿದು ನೋಡಿ. ಜೇನು ನಿಧಾನವಾಗಿ ಇಳಿಯುತ್ತದೆ. ಹರಿಯುವ ದ್ರವದ ಪದರಗಳ ನಡುವಿನ ಘರ್ಷಣೆಯೇ ಇದಕ್ಕೆ ಕಾರಣ. ಈ ಗುಣವನ್ನು ಸ್ನಿಗ್ಧತೆ ಎನ್ನುತ್ತೇವೆ. ಇಂದು ಪುಟ್ಟ ಚಿಪ್‌ನೊಳಗಿನ ಕೂದಲೆಳೆಯಷ್ಟು ಸಪೂರವಾದ ಕಾಲುವೆಯಲ್ಲಿ ಒಂದೇ ಹನಿಯನ್ನು ಹರಿಸಿ ಇದನ್ನು ಅಳೆಯಬಹುದು. ಆದರೆ ಈ ವಿದ್ಯೆಯ ಬೇರು ಇರುವುದು 19ನೆಯ ಶತಮಾನದ ಪ್ಯಾರಿಸ್‌ನಲ್ಲಿ.

ಅಲ್ಲಿನ ವೈದ್ಯ ಪ್ವಾಸಯ್ ಅವರಿಗೆ ರಕ್ತವು ಅತಿ ಸಪೂರ ನಾಳಗಳಲ್ಲಿ ಹೇಗೆ ಹರಿಯುತ್ತದೆಂಬ ಕುತೂಹಲವಿತ್ತು. ರಕ್ತ ಬೇಗನೆ ಹೆಪ್ಪುಗಟ್ಟುವುದರಿಂದ ಅವರು ಮುಖ್ಯವಾಗಿ ಭಟ್ಟಿ ಇಳಿಸಿದ ನೀರನ್ನೇ ಗಾಜಿನ ಲೋಮನಾಳಗಳಲ್ಲಿ ಹರಿಸಿದರು. ನಿಗದಿತ ಒತ್ತಡದಲ್ಲಿ ನಿಗದಿತ ಗಾತ್ರದ ನೀರು ಹರಿದುಹೋಗಲು ಎಷ್ಟು ಹೊತ್ತು ಬೇಕೆಂದು ಅಳೆದು, 1840ರ ದಶಕದಲ್ಲಿ ನಿಯಮವೊಂದನ್ನು ಪ್ರಕಟಿಸಿದರು: ಹರಿವು ನಾಳದ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಜರ್ಮನಿಯ ಹಾಗೆನ್ 1839ರಲ್ಲಿ ಹಿತ್ತಾಳೆಯ ಕೊಳವೆಗಳಿಂದ ಇದೇ ಬಗೆಯ ಫಲಿತಾಂಶ ಪಡೆದಿದ್ದರು. ಸ್ನಿಗ್ಧತೆಯ ಏಕಮಾನ 'ಪಾಯ್ಸ್' ಪ್ವಾಸಯ್ ಅವರ ಹೆಸರಿನಿಂದಲೇ ಬಂದಿದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಪಾಯ್ಸ್.

ನಾಲ್ಕನೆಯ ಘಾತ ಎಂದರೇನೆಂದು ಗಮನಿಸಿ. ವ್ಯಾಸ ಅರ್ಧವಾದರೆ ಹರಿವು 16ನೆಯ ಒಂದು ಭಾಗಕ್ಕಿಳಿಯುತ್ತದೆ. ವ್ಯಾಸದ ಅಳತೆಯಲ್ಲಿ ಶೇಕಡಾ 1ರಷ್ಟು ತಪ್ಪಾದರೆ ಸ್ನಿಗ್ಧತೆಯಲ್ಲಿ ಸುಮಾರು ಶೇಕಡಾ 4ರಷ್ಟು ತಪ್ಪಾಗುತ್ತದೆ. ಆದ್ದರಿಂದ ಕಾಲುವೆ ಕಿರಿದಾದಷ್ಟೂ ಅದರ ಅಳತೆ ಕರಾರುವಾಕ್ಕಾಗಿರಬೇಕು. ಆ ನಿಖರತೆಯನ್ನು ಒದಗಿಸಿದ್ದು ಎಲೆಕ್ಟ್ರಾನಿಕ್ ಬಿಲ್ಲೆಗಳಿಗಾಗಿ ಬೆಳೆದ ಸಿಲಿಕಾನ್ ಕೆತ್ತನೆಯ ತಂತ್ರ. 1979ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅನಿಲಗಳನ್ನು ಬೇರ್ಪಡಿಸುವ ಕಾಲುವೆಯನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಕೆತ್ತಿ ತೋರಿಸಿದರು. ಬಳಿಕ ದ್ರವಗಳಿಗೂ ಇಂಥ ಕಾಲುವೆಗಳು ಬಂದವು.

ಸಾಂದ್ರತೆಯ ಅಳತೆಯೂ ಇದೇ ದಾರಿ ಹಿಡಿಯಿತು. 1967ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ, ಕಂಪಿಸುವ ಯು ಆಕಾರದ ಕೊಳವೆಯುಳ್ಳ ಸಾಂದ್ರತಾಮಾಪಕ ತಯಾರಾಯಿತು. ಕೊಳವೆಯಲ್ಲಿನ ದ್ರವ ಹೆಚ್ಚು ಸಾಂದ್ರವಾದಷ್ಟೂ ಕಂಪನದ ಆವೃತ್ತಿ ಇಳಿಯುತ್ತದೆ. 2007ರಲ್ಲಿ ಅಮೆರಿಕದ ಎಂ.ಐ.ಟಿ.ಯ ತಂಡವೊಂದು ಕಂಪಿಸುವ ಸೂಕ್ಷ್ಮ ಸಿಲಿಕಾನ್ ಪಟ್ಟಿಯ ಒಳಗೇ ಕಾಲುವೆ ಕೊರೆದು, ದ್ರವದಲ್ಲಿ ತೇಲುವ ಒಂಟಿ ಜೀವಕೋಶವನ್ನೂ ತೂಗಿತು.

ಹಾಗಾದರೆ ಚಿಪ್ ಕೊಡುವ ಅಂಕಿಯನ್ನು ಕಣ್ಣುಮುಚ್ಚಿ ನಂಬಬಹುದೇ? ನೀರಿನಂಥ ಸರಳ ದ್ರವಕ್ಕೆ ಕಾಲುವೆಯ ಅಗಲ ಬದಲಾದರೂ ಸ್ನಿಗ್ಧತೆ ಬದಲಾಗದು. ರಕ್ತ ಹಾಗಲ್ಲ. ನಾಳದ ವ್ಯಾಸ ಸುಮಾರು 0.3 ಮಿಲಿಮೀಟರ್‌ಗಿಂತ ಕಡಿಮೆಯಾದಾಗ ರಕ್ತದ ತೋರಿಕೆಯ ಸ್ನಿಗ್ಧತೆ ಇಳಿಯುತ್ತದೆಂದು ಸ್ವೀಡನ್ನಿನ ಫೋರೇಯಸ್ ಮತ್ತು ಲಿಂಡ್‌ಕ್ವಿಸ್ಟ್ 1931ರಲ್ಲೇ ತೋರಿಸಿದ್ದರು. ಕೆಂಪು ರಕ್ತಕಣಗಳು ನಡುವಿಗೆ ಸರಿದು, ಗೋಡೆಯ ಬಳಿ ಪ್ಲಾಸ್ಮಾದ ತೆಳುಪದರ ಉಳಿಯುವುದೇ ಇದರ ಮುಖ್ಯ ಕಾರಣ.

ನವಜಾತ ಶಿಶುವಿನಿಂದ ಹೆಚ್ಚು ರಕ್ತ ತೆಗೆಯುವಂತಿಲ್ಲ. ಅಂಥಲ್ಲಿ ಒಂದೇ ಹನಿಯಿಂದ ಅಳೆಯುವ ಚಿಪ್ ದೊಡ್ಡ ವರ. ಆದರೆ ಅದು ತೋರಿಸುವ ಅಂಕಿಯ ಪಕ್ಕದಲ್ಲಿ ಕಾಲುವೆಯ ಅಗಲವನ್ನೂ ಬರೆದಿಡಬೇಕು. ಇಲ್ಲದಿದ್ದರೆ ಎರಡು ಚಿಪ್‌ಗಳು ಒಂದೇ ಮಗುವಿನ ರಕ್ತಕ್ಕೆ ಎರಡು ಉತ್ತರ ಹೇಳಿಯಾವು!