ಗೋಪಾಲನೆಯ ವಿದ್ಯೆಯೂ ಬೆಂಗಳೂರಿನ ದಂಡೂ

ಗೋವನ್ನು ಪೂಜಿಸುವುದು ನಮ್ಮವರಲ್ಲಿ ಅನೇಕರಿಗೆ ಹುಟ್ಟಿನಿಂದಲೇ ಬಂದ ಸಂಸ್ಕಾರ. ಗೋವನ್ನು ಸಾಕುವುದಾದರೋ ಕಲಿತು ಪಡೆಯಬೇಕಾದ ವಿದ್ಯೆ. ಈ ಭೇದವನ್ನು ಮನಗಾಣದೆ, ಭಕ್ತಿಯಿರುವಲ್ಲಿ ಜ್ಞಾನವೂ ತಾನಾಗಿಯೇ ಇರುವುದೆಂದು ಭಾವಿಸಿದುದರಿಂದ ನಮ್ಮ ಕೊಟ್ಟಿಗೆಗಳಲ್ಲಿ ಆಗಿರುವ ಹಾನಿ ಅಲ್ಪವಲ್ಲ. ಈ ವಿದ್ಯೆಯನ್ನು ಕ್ರಮವಾಗಿ ಕಲಿಸುವ ಶಾಲೆಯೊಂದು ಬೆಂಗಳೂರಿನಲ್ಲಿಯೇ ತಲೆಯೆತ್ತಿದ ಬಗೆಯನ್ನೂ, ಅಲ್ಲಿಗೆ ಬಂದ ಅಪೂರ್ವ ವಿದ್ಯಾರ್ಥಿಯೊಬ್ಬರ ವೃತ್ತಾಂತವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

1809ರಲ್ಲಿ ಇಂಗ್ಲಿಷರ ದಂಡು ಶ್ರೀರಂಗಪಟ್ಟಣವನ್ನು ಬಿಟ್ಟು ಹಲಸೂರಿನ ಬಳಿ ನೆಲೆಯೂರಿತು. ಸಾವಿರಾರು ಸೈನಿಕರಿಗೂ ಅವರ ಆಸ್ಪತ್ರೆಗಳಿಗೂ ನಿತ್ಯವೂ ಹಾಲು ಬೆಣ್ಣೆಗಳು ಬೇಕು. ಪೇಟೆಯ ಹಾಲಿನಲ್ಲಿ ಕೊಳೆನೀರು ಬೆರೆತರೆ ವಿಷಮಶೀತಜ್ವರವು ಒಂದು ಪಾಳೆಯವನ್ನೇ ಮಲಗಿಸಬಲ್ಲದು. ಆದುದರಿಂದಲೇ ಸೈನ್ಯದವರು ತಮ್ಮದೇ ಹಸುಗಳನ್ನು ಸಾಕತೊಡಗಿದರು. ಇಂತಹ ಮೊದಲನೆಯ ಸೈನಿಕ ಡೈರಿ 1889ರಲ್ಲಿ ಅಲಹಾಬಾದಿನಲ್ಲಿ ಆರಂಭವಾಯಿತು. ತರುವಾಯ ಬೆಂಗಳೂರು ಮೊದಲಾದ ದಂಡುಗಳಿಗೂ ಹಬ್ಬಿತು. 1923ರಲ್ಲಿ ಬೆಂಗಳೂರು, ಕರ್ನಾಲ್ ಮತ್ತು ನೀಲಗಿರಿಯ ವೆಲ್ಲಿಂಗ್ಟನ್ ಡೈರಿಗಳು ಸರ್ಕಾರದ ಕೃಷಿ ಇಲಾಖೆಯ ವಶಕ್ಕೆ ಬಂದವು. ದಂಡಿನ ತೆಂಕಣದಲ್ಲಿ ಹೊಸೂರು ರಸ್ತೆಯ ಆಡುಗೋಡಿಯಲ್ಲಿ ಇಂಪೀರಿಯಲ್ ಪಶುಸಂಗೋಪನಾ ಮತ್ತು ಡೈರಿ ಸಂಸ್ಥೆಯು ಸ್ಥಾಪನೆಗೊಂಡಿತು. ಹೀಗೆ ಸೈನಿಕರ ಕೊಟ್ಟಿಗೆಯು ವಿದ್ಯಾರ್ಥಿಗಳ ಪಾಠಶಾಲೆಯಾಯಿತು.

1927ರ ಮಾರ್ಚಿಯಲ್ಲಿ ದೇಹಾಲಸ್ಯಕ್ಕೆ ಈಡಾದ ಮಹಾತ್ಮಾ ಗಾಂಧಿಯವರು ನಂದಿಬೆಟ್ಟದಲ್ಲಿ ಕೆಲಕಾಲ ವಿಶ್ರಮಿಸಿ, ಜೂನ್ ತಿಂಗಳಲ್ಲಿ ಬೆಂಗಳೂರಿನ ಕುಮಾರಪಾರ್ಕಿಗೆ ಬಂದರು. ಆ ವಿಶ್ರಾಂತಿಯ ದಿನಗಳಲ್ಲಿ ಅವರು ಸುಮಾರು ಹದಿನೈದು ದಿನ ಆಡುಗೋಡಿಯ ಸಂಸ್ಥೆಗೆ ಬಂದು ಗೋಪಾಲನೆಯ ಪಾಠ ಕೇಳಿದರು. ಪಂಡಿತ ಮದನಮೋಹನ ಮಾಲವೀಯರೂ ಜೊತೆಗೂಡಿದರು. ಆಗ ಡೈರಿ ತಜ್ಞರಾಗಿದ್ದ ವಿಲಿಯಂ ಸ್ಮಿತ್ ಎಂಬವರು ಅವರಿಗೆ ಮಾರ್ಗದರ್ಶಕರಾದರು. ಸಂದರ್ಶಕರ ಪುಸ್ತಕದಲ್ಲಿ ಗಾಂಧಿಯವರು ತಮ್ಮನ್ನು ಸಬರಮತಿಯ ರೈತನೆಂದೇ ಬರೆದುಕೊಂಡರು. ಆಗ ಅವರ ವಯಸ್ಸು 57.

ಇದರಲ್ಲಿ ಸೋಜಿಗವೊಂದುಂಟು. ಹಸು ಎಮ್ಮೆಗಳ ಕೊನೆಯ ಹನಿಯನ್ನೂ ಹಿಂಡಲು ನಡೆಸುತ್ತಿದ್ದ ಕ್ರೂರಕರ್ಮಗಳನ್ನು ತಿಳಿದು ಗಾಂಧಿಯವರು 1912ರಲ್ಲಿಯೇ ಹಾಲನ್ನು ತೊರೆದಿದ್ದರು; 1919ರಿಂದ ಸೇವಿಸುತ್ತಿದ್ದುದು ಆಡಿನ ಹಾಲನ್ನು ಮಾತ್ರ. ತಾವು ಕುಡಿಯದ ಹಾಲಿಗಾಗಿ ಅವರು ಇಷ್ಟು ಶ್ರಮಿಸಿದುದೇಕೆ? 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಗೋರಕ್ಷಾ ಪರಿಷತ್ತಿಗೆ ಅಧ್ಯಕ್ಷರಾಗಿ, ಮರುವರ್ಷ ಅಖಿಲ ಭಾರತ ಗೋರಕ್ಷಾ ಮಂಡಲದ ಹೊಣೆಯನ್ನು ಹೊತ್ತ ಅವರಿಗೆ ಒಂದು ಸಂಗತಿ ಸ್ಪಷ್ಟವಾಗಿತ್ತು: ಪರರೊಡನೆ ಕಲಹ ಮಾಡಿ ಗೋವನ್ನು ಉಳಿಸುವುದು ಸಾಧ್ಯವಲ್ಲ, ತನ್ನ ಮನೆಯ ಹಸುವಿಗೆ ಅರೆಹೊಟ್ಟೆ ಮೇವಿಟ್ಟು, ಕರುವಿನ ಪಾಲನ್ನೂ ಕಸಿಯುವವನೇ ಅದರ ಮೊದಲ ಶತ್ರು. ಹೊಟ್ಟೆತುಂಬ ಉಂಡು, ಒಡೆಯನಿಗೆ ಹೊರೆಯಾಗದ ಹಸು ಮಾತ್ರವೇ ಉಳಿದೀತು. ಇದಕ್ಕೆ ಬೇಕಾದುದು ವಿದ್ಯೆ.

ಆ ವಿದ್ಯೆಯ ಮೂಲಸೂತ್ರಗಳು ಇಂದಿಗೂ ಹೊಸಬರಿಗೆ ಅವಶ್ಯಕವಾದವು. ಹಸುವಿನ ಆಹಾರವು ಎರಡು ಪಾಲಾಗಿರಬೇಕು: ದೇಹಧಾರಣೆಗೆ ಒಂದು, ಹಾಲಿಗೆ ಇನ್ನೊಂದು. 400 ಕಿಲೋ ತೂಗುವ ಹಸುವಿಗೆ ನೀರಿನಂಶವನ್ನು ಕಳೆದು ದಿನಕ್ಕೆ ಸುಮಾರು 10 ಕಿಲೋ ಆಹಾರ ಬೇಕು. ನಮ್ಮ ಸೀಮೆಯ ರಾಗಿಹುಲ್ಲು ಹೊಟ್ಟೆಯನ್ನು ತುಂಬುವುದೇ ಹೊರತು ಹಾಲಿಗೆ ಬೇಕಾದ ಸತ್ತ್ವವನ್ನು ಸಾಕಷ್ಟು ಒದಗಿಸಲಾರದು. ಅದರೊಡನೆ ಜೋಳದ ಹಸಿಮೇವು, ಕುದುರೆಮಸಾಲೆ ಸೊಪ್ಪು ಮುಂತಾದವು ಸೇರಬೇಕು. ಕರೆಯುವ ಪ್ರತಿ ಎರಡೂವರೆ ಕಿಲೋ ಹಾಲಿಗೆ ಸುಮಾರು ಒಂದು ಕಿಲೋದಂತೆ ಹಿಂಡಿ ಬೂಸಾಗಳ ಮಿಶ್ರಣ ಬೇಕು. ಹಾಗೆಂದು ಪ್ರೀತಿಯ ಭರದಲ್ಲಿ ಒಮ್ಮೆಲೇ ಅಕ್ಕಿ, ಹಿಟ್ಟು, ಅನ್ನಗಳನ್ನು ಸುರಿದರೆ ಹಸುವಿನ ಹೊಟ್ಟೆಯಲ್ಲಿ ಹುಳಿಯೇರಿ ಪ್ರಾಣಕ್ಕೇ ಸಂಚಕಾರವಾಗುವುದು. ಮೇವನ್ನು ಬದಲಿಸುವುದಾದರೆ ಕೆಲವು ದಿನಗಳಲ್ಲಿ ಮೆಲ್ಲಮೆಲ್ಲನೆ ಬದಲಿಸತಕ್ಕದ್ದು. ಹುಟ್ಟಿದ ಕರುವಿಗೆ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ದೊರೆಯಬೇಕು. ರೋಗವನ್ನು ತಡೆಯುವ ಶಕ್ತಿ ಅದರಿಂದಲೇ ಬರುವುದು. ಗಬ್ಬದ ಹಸುವನ್ನು ಕರುಹಾಕುವುದಕ್ಕೆ ಎರಡು ತಿಂಗಳ ಮುಂಚೆಯೇ ಕರೆಯುವುದನ್ನು ನಿಲ್ಲಿಸಬೇಕು. ಕರೆದ ಹಾಲನ್ನು ನಿತ್ಯವೂ ಅಳೆದು ಬರೆದಿಡುವವನಿಗೆ ಹಸುವಿನ ಆರೋಗ್ಯವು ಆ ಲೆಕ್ಕದಲ್ಲಿಯೇ ಕಾಣುವುದು.

ಆಡುಗೋಡಿಯ ಸಂಸ್ಥೆಯು ಮುಂದೆಯೂ ಅನೇಕರನ್ನು ರೂಪಿಸಿತು. ಆಣಂದದ ಹಾಲಿನ ಸಹಕಾರಕ್ಕೆ ಹೆಸರಾದ ವರ್ಗೀಸ್ ಕುರಿಯನ್ನರು ಅಮೆರಿಕಕ್ಕೆ ತೆರಳುವ ಮುನ್ನ ಕೆಲವು ತಿಂಗಳು ಇಲ್ಲಿ ಕಲಿತರು. 1955ರಲ್ಲಿ ಸಂಸ್ಥೆಯ ಮುಖ್ಯ ಕಚೇರಿ ಕರ್ನಾಲಿಗೆ ಹೋಗಿ, ಬೆಂಗಳೂರಿನದು ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಾಗಿ ಉಳಿದುಕೊಂಡಿತು.

ಪ್ರಕೃತ ದಂಡೂ ಪೇಟೆಯೂ ಒಂದೇ ನಗರವಾಗಿವೆ, ಕೃಷ್ಣರಾಜಪುರದ ಸುತ್ತಣ ಹಳ್ಳಿಗಳನ್ನೂ ನಗರವು ಒಳಗೊಂಡಿದೆ, ಗೋಮಾಳಗಳಲ್ಲಿ ಮನೆಗಳೆದ್ದಿವೆ. ಮೇಯಲು ನೆಲವಿಲ್ಲದೆ ಬೀದಿಯ ಕಸದ ರಾಶಿಯಲ್ಲಿ ಪ್ಲಾಸ್ಟಿಕ್ ಚೀಲವನ್ನು ಅಗಿಯುವ ಹಸುವಿಗೆ ಕೈಮುಗಿದು ಮುಂದೆ ಸಾಗುವವರು ಬಹಳ. ಹಸುವನ್ನು ಕಟ್ಟಬೇಕೆಂಬ ಅಭಿಲಾಷೆಯುಳ್ಳವರು ಮೊದಲು ಅದರ ಮೇವಿಗೆ ನೆಲವೆಷ್ಟು, ನೀರೆಷ್ಟು, ಹಾಲು ಬತ್ತಿದ ಕಾಲಕ್ಕೆ ಹಣವೆಷ್ಟು ಎಂದು ಲೆಕ್ಕ ಹಾಕಲಿ. ಅನಂತರ ತಿಳಿದವರ ಬಳಿ ಹೋಗಿ ಕಲಿಯಲಿ. ದೇಶವೇ ಗುರುವೆಂದು ನಮಿಸುತ್ತಿದ್ದವರು ಶಿಷ್ಯರಾಗಿ ನಿಂತ ಕೊಟ್ಟಿಗೆಯ ಬಾಗಿಲಲ್ಲಿ ನಾವು ನಿಲ್ಲುವುದಕ್ಕೆ ಸಂಕೋಚಪಡಬೇಕಾದ ಕಾರಣವಿಲ್ಲ.