ಸ್ಕಾಚ್ ವಿಸ್ಕಿ: ಸೀಸೆಯ ಚೀಟಿಯನ್ನು ಓದುವ ಬಗೆ

ನಮ್ಮಲ್ಲಿ ‘ಸ್ಕಾಚ್’ ಎಂಬುದು ಬಹುಕಾಲ ಒಂದು ಪಾನೀಯದ ಹೆಸರಾಗಿರುವುದಕ್ಕಿಂತ ಹೆಚ್ಚಾಗಿ ದೊಡ್ಡಸ್ತಿಕೆಯ ಗುರುತಾಗಿತ್ತು. ವಿದೇಶದಿಂದ ಮರಳಿದ ನೆಂಟರು ತರುತ್ತಿದ್ದ ಸೀಸೆ, ಚಲನಚಿತ್ರದ ಖಳನಾಯಕನ ಮೇಜಿನ ಅಲಂಕಾರ, ಇಷ್ಟಕ್ಕೇ ಅದರ ಪರಿಚಯ ಮುಗಿಯುತ್ತಿತ್ತು. ಇಂದು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳ ಮದ್ಯದಂಗಡಿಗಳಲ್ಲಿ ಹತ್ತಾರು ಬಗೆಯ ಸ್ಕಾಚ್ ದೊರೆಯುತ್ತದೆ. ಅದರ ಪಕ್ಕದಲ್ಲಿಯೇ, ಸ್ಕಾಚ್ ಮಾಲ್ಟ್ ಬೆರೆಸಿದ್ದೆಂದು ಹೇಳಿಕೊಳ್ಳುವ ಭಾರತೀಯ ವಿಸ್ಕಿಗಳೂ ಕುಳಿತಿರುತ್ತವೆ. ಎರಡೂ ಒಂದೇ ಎಂದು ಭಾವಿಸಿ ಹಣ ತೆರುವವರಿದ್ದಾರೆ. ಬೆಲೆ ಹೆಚ್ಚಾದಷ್ಟೂ, ವಯಸ್ಸು ಹೆಚ್ಚಾದಷ್ಟೂ, ಬಣ್ಣ ಗಾಢವಾದಷ್ಟೂ ಒಳ್ಳೆಯದೆಂದು ನಂಬಿದವರು ಇನ್ನೂ ಹೆಚ್ಚು. ಈ ಮೂರು ನಂಬಿಕೆಗಳಲ್ಲಿ ಒಂದೂ ಪೂರ್ತಿ ನಿಜವಲ್ಲ. ಆದುದರಿಂದ ಹೊಸಬರು ರುಚಿಯ ಪಾಠಕ್ಕೆ ಮೊದಲು ಚೀಟಿಯ ಪಾಠ ಕಲಿಯುವುದು ಲೇಸು.

ಬ್ರಿಟನ್ನಿನ 2009ರ ಸ್ಕಾಚ್ ವಿಸ್ಕಿ ನಿಯಮಗಳ ಪ್ರಕಾರ ಈ ಹೆಸರಿಗೆ ಖಚಿತವಾದ ಅರ್ಥವಿದೆ. ಅದು ನೀರು, ಮೊಳಕೆ ಬರಿಸಿದ ಬಾರ್ಲಿ ಮತ್ತು ಬೇಕಿದ್ದರೆ ಇತರ ಇಡೀ ಧಾನ್ಯಗಳಿಂದ ಸ್ಕಾಟ್ಲೆಂಡಿನ ಭಟ್ಟಿಯಲ್ಲಿಯೇ ತಯಾರಾಗಿರಬೇಕು. 700 ಲೀಟರಿಗೆ ಮೀರದ ಓಕ್ ಮರದ ಪೀಪಾಯಿಯಲ್ಲಿ, ಸ್ಕಾಟ್ಲೆಂಡಿನ ನೆಲದಲ್ಲಿ, ಕನಿಷ್ಠ 3 ವರ್ಷ ಮಾಗಿರಬೇಕು. ಸೀಸೆ ಸೇರುವಾಗ ಮದ್ಯಸಾರ ಶೇ. 40ಕ್ಕೆ ಕಡಿಮೆ ಇರಕೂಡದು. ನೀರು ಮತ್ತು ಬಣ್ಣಕ್ಕಾಗಿ ಸಾದಾ ಸುಟ್ಟ ಸಕ್ಕರೆಯ ಹೊರತು ಬೇರೇನನ್ನೂ ಬೆರೆಸುವಂತಿಲ್ಲ. ಈ ಕೊನೆಯ ವಿನಾಯಿತಿಯನ್ನು ನೆನಪಿನಲ್ಲಿಡಬೇಕು: ಗಾಢವಾದ ಹೊಂಬಣ್ಣ ಮರದಿಂದಲೇ ಬಂದುದೆಂದು ಹೇಳಲಾಗದು.

ಮೊಳಕೆ, ಹೊಗೆ, ಮರ

ಮಾಲ್ಟ್ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡುವುದು ನಮ್ಮ ಮನೆಗಳಲ್ಲಿ ಇಂದಿಗೂ ಉಂಟು. ರಾಗಿ ಮಾಲ್ಟ್ ಎನ್ನುವುದು ಅದನ್ನೇ. ಸ್ಕಾಟ್ಲೆಂಡಿನವರು ಬಾರ್ಲಿಗೆ ಮಾಡುವುದೂ ಇದೇ ಕೆಲಸ. ಮೊಳಕೆಯೊಡೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಮುಂದೆ ಬಿಸಿನೀರು ಸೇರಿದಾಗ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಆ ಸಿಹಿನೀರಿಗೆ ಯೀಸ್ಟ್ ಹಾಕಿ ಎರಡು-ಮೂರು ದಿನ ಹುದುಗಿಸಿದರೆ ಬಿಯರನ್ನು ಹೋಲುವ ದ್ರವ ಸಿದ್ಧವಾಗುತ್ತದೆ. ಅದನ್ನು ತಾಮ್ರದ ಹಂಡೆಗಳಲ್ಲಿ ಸಾಮಾನ್ಯವಾಗಿ ಎರಡು ಬಾರಿ ಭಟ್ಟಿ ಇಳಿಸುತ್ತಾರೆ. ಮೊದಲು ಇಳಿಯುವ ಘಾಟು ಭಾಗವನ್ನೂ ಕೊನೆಯ ಮಂದ ಭಾಗವನ್ನೂ ಬೇರ್ಪಡಿಸಿ, ನಡುವಿನದನ್ನು ಮಾತ್ರ ಪೀಪಾಯಿಗೆ ಕಳುಹಿಸುವುದು ಭಟ್ಟಿಗಾರನ ಕೈಚಳಕ. ಆಗ ಅದು ನೀರಿನಂತೆ ತಿಳಿಯಾಗಿರುತ್ತದೆ.

ಹೊಗೆಯ ವಾಸನೆ ಬರುವುದು ಮೊಳಕೆಯನ್ನು ಒಣಗಿಸುವ ಹಂತದಲ್ಲಿ. ಜೌಗು ನೆಲದಲ್ಲಿ ಪಾಚಿ, ಹುಲ್ಲು, ಕುರುಚಲು ಗಿಡಗಳು ಸಾವಿರಾರು ವರ್ಷ ಅರೆಕೊಳೆತು ಒತ್ತಾಗಿ ಉಂಟಾದ ಕಪ್ಪು ಪದರಕ್ಕೆ ಪೀಟ್ ಎಂದು ಹೆಸರು. ಕಟ್ಟಿಗೆ ದುರ್ಲಭವಾಗಿದ್ದ ದ್ವೀಪಗಳಲ್ಲಿ ಅದೇ ಉರುವಲು. ಅದರ ಹೊಗೆ ಕಾಳಿಗೆ ಅಂಟಿಕೊಂಡು, ಭಟ್ಟಿಯನ್ನೂ ದಾಟಿ, ವರ್ಷಗಳ ನಂತರ ಲೋಟದಲ್ಲಿ ಮೂಗಿಗೆ ತಾಗುತ್ತದೆ. ಎಲ್ಲ ಸ್ಕಾಚ್‌ಗಳಲ್ಲಿಯೂ ಈ ಹೊಗೆ ಇರುವುದಿಲ್ಲ. ಹಲವರು ಒಣಗಿಸುವುದಕ್ಕೆ ಪೀಟನ್ನು ಬಳಸುವುದೇ ಇಲ್ಲ.

ಉಳಿದ ಗುಣದಲ್ಲಿ ಬಹುಭಾಗ ಮರದ್ದು. ಅಮೆರಿಕದ ಬರ್ಬನ್ ವಿಸ್ಕಿಯನ್ನು ಅಲ್ಲಿನ ಕಾನೂನಿನಂತೆ ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿಯೇ ಇಡಬೇಕು. ಒಮ್ಮೆ ಬಳಸಿದ ಪೀಪಾಯಿ ಬರ್ಬನ್‌ಗೆ ಮತ್ತೆ ಕೆಲಸಕ್ಕೆ ಬಾರದು. ಅವು ಲಕ್ಷಗಟ್ಟಲೆ ಸ್ಕಾಟ್ಲೆಂಡಿಗೆ ಸಾಗುತ್ತವೆ. ಅಂಥ ಮರ ವೆನಿಲಾ, ಕೊಬ್ಬರಿ, ಜೇನಿನ ಘಮ ಕೊಡುತ್ತದೆ. ಸ್ಪೇನಿನ ಶೆರಿ ಎಂಬ ದ್ರಾಕ್ಷಾರಸ ತುಂಬಿದ್ದ ಪೀಪಾಯಿಯಾದರೆ ಒಣದ್ರಾಕ್ಷಿ, ಉತ್ತುತ್ತೆ, ಲವಂಗದ ಛಾಯೆ ಬರುತ್ತದೆ.

ಹೆಸರಿಗಾಗಿ ನಡೆದ ಜಗಳ

ಸ್ಕಾಟ್ಲೆಂಡಿನ ರಾಜ ಬೊಕ್ಕಸದ 1494ರ ಲೆಕ್ಕದಲ್ಲಿ ಜಾನ್ ಕಾರ್ ಎಂಬ ಸನ್ಯಾಸಿಗೆ ‘ಜೀವಜಲ’ ತಯಾರಿಸಲು ಎಂಟು ಬೋಲ್ ಮಾಲ್ಟ್ ಕೊಟ್ಟ ದಾಖಲೆಯಿದೆ. ಬೋಲ್ ಎಂಬುದು ನಮ್ಮ ಖಂಡುಗದಂಥ ಅಳತೆ. ಜೀವಜಲ ಎಂಬ ಅರ್ಥದ ಗೇಲಿಕ್ ಮಾತೇ ಸವೆದು ವಿಸ್ಕಿಯಾಯಿತು. ಮುಂದೆ ಸುಂಕದ ಹೊರೆಯಿಂದಾಗಿ ಕಳ್ಳಭಟ್ಟಿ ಕಣಿವೆಗಳಲ್ಲೆಲ್ಲ ಹಬ್ಬಿತು. 1823ರ ಅಬಕಾರಿ ಕಾಯಿದೆ ಸುಂಕವನ್ನು ಇಳಿಸಿ ಪರವಾನಗಿಯನ್ನು ಸುಲಭಗೊಳಿಸಿತು. ಮರುವರ್ಷ ಗ್ಲೆನ್‌ಲಿವೆಟ್ ಕಣಿವೆಯ ಜಾರ್ಜ್ ಸ್ಮಿತ್ ಪರವಾನಗಿ ಪಡೆದಾಗ ನೆರೆಯ ಕಳ್ಳಭಟ್ಟಿಗಾರರ ಕೋಪಕ್ಕೆ ಗುರಿಯಾಗಿ ಪಿಸ್ತೂಲು ಇಟ್ಟುಕೊಂಡೇ ಓಡಾಡಬೇಕಾಯಿತು.

1830ರ ಸುಮಾರಿಗೆ ಏನಿಯಸ್ ಕಾಫಿ ಪೇಟೆಂಟ್ ಪಡೆದ ಸ್ತಂಭಾಕಾರದ ಭಟ್ಟಿ ಎಲ್ಲವನ್ನೂ ಬದಲಿಸಿತು. ಜೋಳ, ಗೋಧಿಗಳಿಂದ ನಿರಂತರವಾಗಿ, ಅಗ್ಗವಾಗಿ, ಹಗುರವಾದ ಗ್ರೇನ್ ವಿಸ್ಕಿ ಇಳಿಯತೊಡಗಿತು. ಅದನ್ನು ಮಾಲ್ಟಿನೊಡನೆ ಬೆರೆಸಿ ಎಲ್ಲ ಕಾಲಕ್ಕೂ ಒಂದೇ ರುಚಿ ಕೊಡುವ ವ್ಯಾಪಾರದಿಂದ ಎಡಿನ್‌ಬರೊದ ಆಂಡ್ರೂ ಅಷರ್, ಕಿಲ್ಮಾರ್ನಕ್ಕಿನ ದಿನಸಿ ಅಂಗಡಿಯ ವಾಕರ್ ಕುಟುಂಬದವರು ಹೆಸರಾದರು. ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಫಿಲಾಕ್ಸೆರಾ ಕೀಟ ಹಾಳುಗೆಡವಿ ಬ್ರಾಂದಿಗೆ ಅಭಾವ ಬಂದದ್ದೂ ಇವರಿಗೆ ಒದಗಿಬಂತು. ಆದರೆ ಇಂಥ ಬೆರಕೆ ವಿಸ್ಕಿ ಹೌದೋ ಅಲ್ಲವೋ? 1905ರಲ್ಲಿ ಲಂಡನ್ನಿನ ಇಸ್ಲಿಂಗ್‌ಟನ್ ಪುರಸಭೆ ಮದ್ಯ ಮಾರಾಟಗಾರರ ಮೇಲೆ ಮೊಕದ್ದಮೆಯನ್ನೇ ಹೂಡಿತು. ವಿವಾದ ರಾಯಲ್ ಕಮಿಷನ್ನಿನವರೆಗೆ ಹೋಗಿ, 1909ರಲ್ಲಿ ಎರಡೂ ವಿಸ್ಕಿಯೇ ಎಂದು ತೀರ್ಮಾನವಾಯಿತು. ಮೂರು ವರ್ಷ ಮಾಗಿಸುವ ಕಡ್ಡಾಯ ಬಂದದ್ದು ಮೊದಲ ಮಹಾಯುದ್ಧದ ನಡುವೆ.

ಚೀಟಿಯಲ್ಲಿ ನೋಡಬೇಕಾದುದು

‘ಸಿಂಗಲ್ ಮಾಲ್ಟ್’ ಎಂದರೆ ಒಂದೇ ಪೀಪಾಯಿಯದು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಅದು ಒಂದೇ ಭಟ್ಟಿಯಲ್ಲಿ ಬರಿಯ ಬಾರ್ಲಿ ಮಾಲ್ಟಿನಿಂದ ತಯಾರಾದುದು. ನೂರು ಪೀಪಾಯಿ ಕೂಡಿಸಿದರೂ ಅಡ್ಡಿಯಿಲ್ಲ. ಹಲವು ಭಟ್ಟಿಗಳ ಮಾಲ್ಟ್ ಕೂಡಿದರೆ ‘ಬ್ಲೆಂಡೆಡ್ ಮಾಲ್ಟ್’. ಮಾಲ್ಟಿಗೆ ಗ್ರೇನ್ ವಿಸ್ಕಿ ಸೇರಿದರೆ ‘ಬ್ಲೆಂಡೆಡ್ ಸ್ಕಾಚ್’. ಜಗತ್ತಿನಲ್ಲಿ ಮಾರಾಟವಾಗುವ ಸ್ಕಾಚ್‌ನಲ್ಲಿ ಬಹುಪಾಲು ಇದೇ. ಇನ್ನೆರಡು ವರ್ಗಗಳು ಗ್ರೇನ್ ವಿಸ್ಕಿಗೆ ಸಂಬಂಧಿಸಿದವು, ಹೊಸಬರ ಕಣ್ಣಿಗೆ ಬೀಳುವುದು ಅಪರೂಪ. ಗ್ಲೆನ್‌ಫಿಡಿಕ್‌ನವರು 1963ರಲ್ಲಿ ಹೊರನಾಡುಗಳಿಗೆ ಒಯ್ಯುವವರೆಗೆ ಸಿಂಗಲ್ ಮಾಲ್ಟ್ ಹೆಚ್ಚಾಗಿ ಊರವರ ಪಾನೀಯವಾಗಿಯೇ ಇತ್ತು.

12 ವರ್ಷ ಎಂದು ಬರೆದಿದ್ದರೆ ಸೀಸೆಯೊಳಗಿನ ಅತಿ ಕಿರಿಯ ವಿಸ್ಕಿಗೆ ಅಷ್ಟು ವಯಸ್ಸು ಎಂದರ್ಥ. ಲೆಕ್ಕಕ್ಕೆ ಬರುವುದು ಮರದಲ್ಲಿ ಕಳೆದ ಕಾಲ ಮಾತ್ರ. ಗಾಜಿನೊಳಗೆ ವಿಸ್ಕಿ ಮಾಗುವುದಿಲ್ಲ. ಹತ್ತು ವರ್ಷ ಬೀರುವಿನಲ್ಲಿಟ್ಟ 12 ವರ್ಷದ ಸೀಸೆ 22 ವರ್ಷದ್ದಾಗದು. ವಯಸ್ಸು ಬರೆಯದ ಸೀಸೆ ಕೀಳು ಎಂದೂ ಅಲ್ಲ, ಮರ ದಣಿದಿದ್ದರೆ ಇಪ್ಪತ್ತು ವರ್ಷವೂ ವ್ಯರ್ಥವೇ.

ಭಾರತದಲ್ಲಿ ಇನ್ನೊಂದು ಸಾಲನ್ನೂ ನೋಡಬೇಕು. ಬ್ಲೆಂಡೆಡ್ ಸ್ಕಾಚನ್ನು ಸಗಟಾಗಿ ತಂದು ಇಲ್ಲಿ ಸೀಸೆಗೆ ತುಂಬಲು ಅನುಮತಿಯಿದೆ. ಇಂಥವು ಸಾಮಾನ್ಯವಾಗಿ ಶೇ. 42.8 ಮದ್ಯಸಾರದ, 750 ಮಿ.ಲೀ. ಸೀಸೆಗಳು. ಇವು ಸ್ಕಾಚ್ ಅಲ್ಲವೆಂದು ಮೂಗು ಮುರಿಯುವುದು ತಪ್ಪು. ಆದರೆ ಸಿಂಗಲ್ ಮಾಲ್ಟ್ ಸ್ಕಾಚ್ 2012ರಿಂದ ಸ್ಕಾಟ್ಲೆಂಡಿನಲ್ಲಿಯೇ ಸೀಸೆ ಸೇರಬೇಕೆಂಬ ನಿಯಮವಿದೆ. ಬೇರೆಡೆ ತುಂಬಿದ್ದೆಂಬ ಬರಹವಿದ್ದರೆ ಕೊಳ್ಳಬಾರದು. ‘ಸ್ಕಾಚ್ ಬೆರೆಸಿದ’ ಭಾರತೀಯ ವಿಸ್ಕಿಯದು ಬೇರೆಯೇ ಜಾತಿ. ಅಲ್ಲಿ ಸ್ಕಾಚ್ ಒಂದು ಪಾಲು ಮಾತ್ರ, ಉಳಿದದ್ದು ಇಲ್ಲಿನ ಸ್ಪಿರಿಟ್. ನಮ್ಮಲ್ಲಿ ವಿಸ್ಕಿ ಎಂದು ಮಾರಾಟವಾಗುವ ಅಗ್ಗದ ಮದ್ಯಗಳಲ್ಲಿ ಬಹಳಷ್ಟು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬಂದವು. ಧಾನ್ಯದಿಂದ ಆಗದ ಮದ್ಯವನ್ನು ಐರೋಪ್ಯ ಒಕ್ಕೂಟದಲ್ಲಿ ವಿಸ್ಕಿ ಎಂದು ಮಾರುವಂತೆಯೇ ಇಲ್ಲ.

ಎಲ್ಲಿಂದ ಆರಂಭ?

ಐಲಾ ದ್ವೀಪದ ಹೊಗೆ ತುಂಬಿದ ವಿಸ್ಕಿಯಿಂದ ಆರಂಭಿಸಿ, ಮೊದಲ ಗುಟುಕಿಗೇ ಬೇಸತ್ತು ಬಿಟ್ಟವರಿದ್ದಾರೆ. ಲಫ್ರೋಯ್ಗ್, ಆರ್ಡ್‌ಬೆಗ್, ಲ್ಯಾಗವುಲಿನ್ ಆ ದ್ವೀಪದ ದಕ್ಷಿಣ ತೀರದವು. ಬಚ್ಚಲೊಲೆಯ ಹೊಗೆ, ಕಡಲ ಉಪ್ಪುಗಾಳಿ, ಆಸ್ಪತ್ರೆಯ ಟಿಂಕ್ಚರ್, ಮೂರೂ ಒಟ್ಟಿಗೆ ಬಂದಂತೆ ಅವುಗಳ ವಾಸನೆ. ಒಮ್ಮೆ ಒಗ್ಗಿದವರು ಬಿಡಲಾರರು ಎಂಬುದೂ ನಿಜ. ಮೊದಲು ಬ್ಲ್ಯಾಕ್ ಲೇಬಲ್‌ನಂಥ 12 ವರ್ಷದ ಬ್ಲೆಂಡ್‌ನಲ್ಲಿ ಹೊಗೆಯ ಎಳೆಯನ್ನು ಗುರುತಿಸಬಹುದು. ಅನಂತರ ಸ್ಪೇ ನದಿಯ ಬಯಲಿನ ಗ್ಲೆನ್‌ಫಿಡಿಕ್, ಗ್ಲೆನ್‌ಲಿವೆಟ್‌ಗಳಲ್ಲಿ ಸೇಬು, ಮರಸೇಬು, ಜೇನು. ಗ್ಲೆನ್ ಎಂದರೆ ಕಣಿವೆ. ಸ್ಕಾಟ್ಲೆಂಡಿನಲ್ಲಿ ಅತಿ ಹೆಚ್ಚು ಭಟ್ಟಿಗಳಿರುವ ಪ್ರದೇಶವಿದು. ಮೂರನೆಯದಾಗಿ ಶೆರಿ ಪೀಪಾಯಿಯದೊಂದು, ಆಮೇಲೆ ಐಲಾ. ಹೈಲ್ಯಾಂಡ್, ಲೋಲ್ಯಾಂಡ್, ಕ್ಯಾಂಬೆಲ್‌ಟೌನ್ ಎಂಬ ಇತರ ಪ್ರದೇಶಗಳ ಹೆಸರು ಭೂಪಟಕ್ಕೆ ಸರಿ, ರುಚಿಗೆ ಅವು ಸಡಿಲವಾದ ಸುಳಿವು ಮಾತ್ರ.

ಬಾಯಿ ಕಿರಿದಾದ ಲೋಟ, ಸಣ್ಣ ಅಳತೆ ಸಾಕು. ಮೂಗನ್ನು ಲೋಟದೊಳಗೆ ತೂರಿಸದೆ, ಬಾಯಿಯನ್ನು ತುಸು ತೆರೆದು ಮೂಸಬೇಕು, ಇಲ್ಲವಾದರೆ ಮದ್ಯಸಾರದ ಘಾಟು ಉಳಿದುದನ್ನೆಲ್ಲ ಮುಚ್ಚಿಬಿಡುತ್ತದೆ. ಕೆಲವು ಹನಿ ನೀರು ಬೆರೆಸಿದರೆ ಪರಿಮಳ ಅರಳುತ್ತದೆ. ಮಂಜುಗಡ್ಡೆ ಪರಿಮಳವನ್ನು ಮಂಕಾಗಿಸುತ್ತದೆ. ಹಾಗೆಂದು ಸೋಡಾ ಬೆರೆಸುವವರನ್ನು ಹೀಗಳೆಯುವ ಅಗತ್ಯವಿಲ್ಲ. ಬ್ಲೆಂಡ್‌ಗಳು ಲೋಕಪ್ರಿಯವಾದದ್ದೇ ಸೋಡಾದ ಜೊತೆಗೆ. ಎರಡು ಬಗೆಯನ್ನು ಅಕ್ಕಪಕ್ಕ ಇಟ್ಟು ಮೂಸಿದರೆ ಒಂದು ಸಂಜೆಯಲ್ಲಿ ಕಲಿಯುವಷ್ಟನ್ನು ಒಂದೇ ಸೀಸೆಯನ್ನು ತಿಂಗಳುಗಟ್ಟಲೆ ಕುಡಿದರೂ ಕಲಿಯಲಾಗದು. ಹೆಚ್ಚು ಕುಡಿದವನ ಮೂಗು ಏನನ್ನೂ ಹೇಳದು. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಅಭಿರುಚಿಯ ಮಾತಾಡುವವರಿಗೂ ಅದು ಅನ್ವಯಿಸುತ್ತದೆ.

ಬೆಂಗಳೂರಿನ ಬಿಸಿಲು

ವಯಸ್ಸಿನ ಮೋಹಕ್ಕೆ ಉತ್ತರ ಬೆಂಗಳೂರಿನಲ್ಲಿಯೇ ಇದೆ. 1948ರಲ್ಲಿ ಸ್ಥಾಪನೆಯಾದ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು 2004ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಇಲ್ಲಿನ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆಯ ಬಾರ್ಲಿಯನ್ನು ಕೂಡಿಸಿದ ಅದರ ‘ಫ್ಯೂಷನ್’, ಜಿಮ್ ಮರ್ರೆ ಅವರ ವಿಸ್ಕಿ ಬೈಬಲ್‌ನ 2010ರ ಆವೃತ್ತಿಯಲ್ಲಿ ಜಗತ್ತಿಗೇ ಮೂರನೆಯದೆನಿಸಿತು. ಇದು ಸ್ಕಾಚ್ ಅಲ್ಲ, ಆ ಹೆಸರು ಹೇಳಿಕೊಳ್ಳುವುದೂ ಇಲ್ಲ.

ಪೀಪಾಯಿಯಿಂದ ಆವಿಯಾಗಿ ಹೋಗುವುದನ್ನು ಸ್ಕಾಟ್ಲೆಂಡಿನವರು ದೇವತೆಗಳ ಪಾಲು ಎನ್ನುತ್ತಾರೆ. ಅಲ್ಲಿ ಅದು ವರ್ಷಕ್ಕೆ ಸುಮಾರು ಶೇ. 2. ಬೆಂಗಳೂರಿನ ಹವೆಯಲ್ಲಿ ಶೇ. 10ರಿಂದ 12. ಹನ್ನೆರಡು ವರ್ಷ ಇಟ್ಟರೆ ಅಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಉಳಿಯುತ್ತದೆ, ಇಲ್ಲಿ ಉಳಿಯುವುದು ಕಾಲು ಭಾಗ. ಮಾಗುವ ಕ್ರಿಯೆಯೂ ಅಷ್ಟೇ ವೇಗವಾಗಿ ನಡೆಯುವುದರಿಂದ ಇಲ್ಲಿಯ ನಾಲ್ಕೈದು ವರ್ಷದ ವಿಸ್ಕಿಯನ್ನು ಅಲ್ಲಿಯ ಲೆಕ್ಕದಿಂದ ಅಳೆಯಲಾಗದು. ಎಂಟು ವರ್ಷ ಉಳಿಸಿಕೊಂಡದ್ದನ್ನು ಅಮೃತ್ 2013ರಲ್ಲಿ ಹೊರತಂದಾಗ ಅದಕ್ಕಿಟ್ಟ ಹೆಸರು ‘ಗ್ರೀಡಿ ಏಂಜಲ್ಸ್’, ಅಂದರೆ ದುರಾಸೆಯ ದೇವತೆಗಳು.

ಬೆಲೆಯ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ತೆರುವ ಹಣದಲ್ಲಿ ದೊಡ್ಡ ಪಾಲು ತೆರಿಗೆ. 2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದದಲ್ಲಿ ಶೇ. 150ರ ಆಮದು ಸುಂಕವನ್ನು ಮೊದಲು ಶೇ. 75ಕ್ಕೆ, ಹತ್ತು ವರ್ಷಗಳಲ್ಲಿ ಶೇ. 40ಕ್ಕೆ ಇಳಿಸಲು ಒಪ್ಪಲಾಗಿದೆ. ಆದರೆ ರಾಜ್ಯದ ಅಬಕಾರಿ ಸುಂಕ ಪ್ರತ್ಯೇಕವಾದುದರಿಂದ ಸೀಸೆಯ ಬೆಲೆ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಕೊಳ್ಳುವಾಗ ಮುಚ್ಚಳದ ಮೊಹರು, ಅಬಕಾರಿ ಇಲಾಖೆಯ ಚೀಟಿ ಸರಿಯಾಗಿವೆಯೇ ಎಂದು ನೋಡಬೇಕು. ತಂದ ಸೀಸೆಯನ್ನು ಬಿಸಿಲಿಗೆ ಬೀಳದಂತೆ ನೇರವಾಗಿ ನಿಲ್ಲಿಸಿಡಬೇಕು. ವೈನ್‌ನಂತೆ ಮಲಗಿಸಿಟ್ಟರೆ ತೀಕ್ಷ್ಣವಾದ ಮದ್ಯಸಾರ ಬಿರಡೆಯನ್ನು ಕೊರೆದು ಹಾಳುಮಾಡುತ್ತದೆ. ಅರ್ಧಕ್ಕಿಂತ ಕಡಿಮೆ ಉಳಿದರೆ ಗಾಳಿ ತಾಗಿ ಪರಿಮಳ ಮೆಲ್ಲನೆ ಕುಗ್ಗುವುದರಿಂದ, ಅದನ್ನು ಚಿಕ್ಕ ಸೀಸೆಗೆ ಬಗ್ಗಿಸಿಡುವುದು ವಾಡಿಕೆ.