ಶಿಥಿಲೀಕರಣ

ಶಿಥಿಲೀಕರಣ ಎಂದರೆ ಶಿಲೆಗಳು ಮತ್ತು ಖನಿಜಗಳು ಗಾಳಿ, ನೀರು, ಉಷ್ಣತೆ ಹಾಗೂ ಜೀವಿಗಳ ಪ್ರಭಾವದಿಂದ ಇದ್ದ ಸ್ಥಳದಲ್ಲಿಯೇ ಕ್ರಮೇಣ ಸಡಿಲಗೊಳ್ಳುವ ಪ್ರಕ್ರಿಯೆ. ಇದರಲ್ಲಿ ಭೌತಿಕ, ರಾಸಾಯನಿಕ ಮತ್ತು ಜೈವಿಕ ಎಂಬ ಮೂರು ಬಗೆಗಳಿವೆ. ಖನಿಜದ ಸಂಯೋಜನೆಯೇ ಬದಲಾಗುವುದು ರಾಸಾಯನಿಕ ಶಿಥಿಲೀಕರಣ.

ಪದಮೂಲ

ಸಂಸ್ಕೃತದ 'ಶಿಥಿಲ' ಪದಕ್ಕೆ ಬಿಗಿ ಇಲ್ಲದ್ದು ಎಂದರ್ಥ. ಕನ್ನಡದ 'ಸಡಿಲ' ಇದರ ತದ್ಭವ. 'ಶಿಥಿಲೀಕರಣ' ಎಂದರೆ ಮೊದಲು ಬಿಗಿಯಾಗಿದ್ದುದನ್ನು ಸಡಿಲಗೊಳಿಸುವುದು. ಹಳಗನ್ನಡ ಛಂದಸ್ಸಿನಲ್ಲಿ ಹಿಂದಿನ ಅಕ್ಷರವನ್ನು ಗುರುವಾಗಿಸದ ಒತ್ತಕ್ಷರಕ್ಕೆ 'ಶಿಥಿಲದ್ವಿತ್ವ' ಎಂಬ ಹೆಸರಿದೆ. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣ ಇದನ್ನು ವಿವರಿಸುತ್ತದೆ. ಅಲ್ಲಿಯೂ ಪದದ ಮೂಲಾರ್ಥ ಸಡಿಲತೆಯೇ ಹೊರತು ನಾಶವಲ್ಲ. 'ಶಿಥಿಲ ಸೇತುವೆ', 'ಶಿಥಿಲಾವಸ್ಥೆ' ಎಂಬ ಇಂದಿನ ಬಳಕೆಗಳಲ್ಲಿ ಮಾತ್ರ ಕುಸಿಯುವ ಸ್ಥಿತಿ ಎಂಬ ಅರ್ಥ ಮುಂದೆ ಬಂದಿದೆ.

ರಾಸಾಯನಿಕ ಕ್ರಿಯೆಗಳು

* ಕಾರ್ಬೊನೀಕರಣ: ಮಳೆನೀರು ಇಂಗಾಲದ ಡೈಆಕ್ಸೈಡ್‌ನೊಡನೆ ಸೇರಿ ದುರ್ಬಲ ಕಾರ್ಬಾನಿಕ್ ಆಮ್ಲವಾಗಿ ಸುಣ್ಣಕಲ್ಲನ್ನು ಕರಗಿಸುತ್ತದೆ.
* ಜಲವಿಶ್ಲೇಷಣೆ: ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ನೀರಿನೊಡನೆ ವರ್ತಿಸಿ ಜೇಡಿಮಣ್ಣಾಗುತ್ತದೆ.
* ಉತ್ಕರ್ಷಣ: ಖನಿಜದಲ್ಲಿನ ಕಬ್ಬಿಣ ಆಮ್ಲಜನಕದೊಡನೆ ಸೇರಿ ಕೆಂಪು ಅಥವಾ ಕಂದು ಬಣ್ಣ ತಾಳುತ್ತದೆ.

ಕರ್ನಾಟಕದ ಕರಾವಳಿಯ ಮುರಕಲ್ಲು ಇಂತಹ ಕ್ರಿಯೆಗಳ ಫಲ. ಬಿಸಿಲು ಮತ್ತು ಭಾರಿ ಮಳೆಯಿಂದ ಮೂಲಶಿಲೆಯ ಸಿಲಿಕಾ ಬಹುಪಾಲು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ಗಳು ಉಳಿದು ಇದು ರೂಪುಗೊಂಡಿದೆ.

ಸಮೀಪಾರ್ಥದ ಪದಗಳು

'ಸವೆತ'ದಲ್ಲಿ ಸಡಿಲಗೊಂಡ ಕಣಗಳು ನೀರು ಅಥವಾ ಗಾಳಿಯಿಂದ ಬೇರೆಡೆಗೆ ಸಾಗುತ್ತವೆ, ಶಿಥಿಲೀಕರಣದಲ್ಲಿ ಸ್ಥಳಾಂತರವಿಲ್ಲ. ಲೋಹಗಳ ಕ್ಷಯಕ್ಕೆ ಪಠ್ಯಪುಸ್ತಕಗಳಲ್ಲಿ 'ನಶಿಸುವಿಕೆ' ಎಂಬ ಪದವಿದೆ. ಕಬ್ಬಿಣದ ನಶಿಸುವಿಕೆಯನ್ನು 'ತುಕ್ಕು ಹಿಡಿಯುವುದು' ಎನ್ನುತ್ತಾರೆ. 'ಜೀರ್ಣ' ಎಂಬುದು ಕಾಲದಿಂದ ಹಳತಾಗಿ ಸವೆದುದನ್ನು ಸೂಚಿಸುತ್ತದೆ.

ದೇವಾಲಯ ಹಾಗೂ ಬಸದಿಗಳಿಗೆ ದತ್ತಿ ಬಿಟ್ಟ ಶಾಸನಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಮುರಿದದ್ದು, ಬಿರುಕುಬಿಟ್ಟದ್ದು, ಹಳತಾದದ್ದು ಎಂಬ ಮೂರು ಸ್ಥಿತಿಗಳಿಗೂ ಇಲ್ಲಿ ಬೇರೆ ಬೇರೆ ಪದಗಳಿವೆ. ಇಂದಿನ ಆಡುಬಳಕೆಯಲ್ಲಿ ಈ ಮೂರಕ್ಕೂ 'ಶಿಥಿಲ' ಎಂಬ ಒಂದೇ ಪದ ಸಲ್ಲುತ್ತದೆ.

ಬಸ್ತಿಹಳ್ಳಿಯ ಉದಾಹರಣೆ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಳೇಬೀಡಿಗೆ ಸೇರಿದಂತಿರುವ ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥ, ಆದಿನಾಥ ಮತ್ತು ಶಾಂತಿನಾಥ ಬಸದಿಗಳಿವೆ. ಇವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿವೆ. ಪಾರ್ಶ್ವನಾಥ ಬಸದಿಯನ್ನು ಹೊಯ್ಸಳ ದಂಡನಾಯಕ ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗಾಗಿ 1133ರಲ್ಲಿ ಕಟ್ಟಿಸಿದನು.

ಹೊಯ್ಸಳ ಶಿಲ್ಪಿಗಳು ಬಳಸಿದ ಬಳಪದ ಕಲ್ಲಿನಲ್ಲಿ ಟಾಲ್ಕ್ ಮತ್ತು ಕ್ಲೋರೈಟ್ ಖನಿಜಗಳಿವೆ. ಟಾಲ್ಕ್ ಅತ್ಯಂತ ಮೃದುವಾದ ಖನಿಜ. ಆದರೆ ನೀರಿನೊಡನೆ ಸುಲಭವಾಗಿ ವರ್ತಿಸುವುದಿಲ್ಲ. ಆದ್ದರಿಂದ ಉಳಿಗೆ ಬೇಗ ಮಣಿಯುವ ಈ ಕಲ್ಲು ರಾಸಾಯನಿಕವಾಗಿ ಸಾಕಷ್ಟು ತಾಳಿಕೆಯುಳ್ಳದ್ದು. ಪಾರ್ಶ್ವನಾಥ ಬಸದಿಯ ನವರಂಗದಲ್ಲಿ ಕಡೆದು ನಯಗೊಳಿಸಿದ ಕಂಬಗಳು ಇಂದಿಗೂ ಎದುರು ನಿಂತವರ ಪ್ರತಿಬಿಂಬ ತೋರುತ್ತವೆ. ಚಾವಣಿಯ ಆಸರೆಯಿರುವಲ್ಲಿ ಈ ಬಗೆಯ ಕಲ್ಲಿನ ಮೈ ಎಂಟು ನೂರು ವರ್ಷಗಳಿಗೂ ಮಿಕ್ಕಿ ಉಳಿಯಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಬಯಲಿಗೆ ಒಡ್ಡಿದ ಇಂತಹ ಕಲ್ಲಿನ ಸ್ಥಿತಿ ಬೇರೆ. ಪದರಗಳ ನಡುವೆ ನೀರು ಇಳಿದರೆ ಚಕ್ಕೆಗಳು ಏಳುತ್ತವೆ. ಕ್ಲೋರೈಟಿನಲ್ಲಿರುವ ಕಬ್ಬಿಣ ಉತ್ಕರ್ಷಣಗೊಂಡರೆ ಕಂದು ಕಲೆ ಮೂಡುತ್ತದೆ. ಕಲ್ಲುಹೂವುಗಳು ಸ್ರವಿಸುವ ಆಮ್ಲಗಳು ಮೇಲ್ಮೈಯನ್ನು ಕೊರೆಯುತ್ತವೆ.

ಬಳಕೆಯ ಮಹತ್ವ

ಸಂರಕ್ಷಣೆಯಲ್ಲಿ ಚಿಕಿತ್ಸೆಯು ಕಾರಣವನ್ನು ಅವಲಂಬಿಸಿರುತ್ತದೆ. ಮುರಿದ ಭಾಗವನ್ನು ಜೋಡಿಸಬಹುದು ಅಥವಾ ಆಸರೆ ಕೊಡಬಹುದು. ಬಿರುಕನ್ನು ಸೂಕ್ತ ಗಾರೆಯಿಂದ ತುಂಬಬಹುದು. ರಾಸಾಯನಿಕ ಶಿಥಿಲೀಕರಣವಾದರೆ ಮೊದಲು ನೀರು ಒಳಸೇರುವ ದಾರಿಯನ್ನು ಮುಚ್ಚಬೇಕಾಗುತ್ತದೆ. ಜೇಡಿಮಣ್ಣಾಗಿ ಬದಲಾದ ಖನಿಜವನ್ನು ಮತ್ತೆ ಕಲ್ಲಾಗಿಸಲು ಬರುವುದಿಲ್ಲ, ಪ್ರಕ್ರಿಯೆಯನ್ನು ನಿಧಾನಗೊಳಿಸಬಹುದಷ್ಟೆ. ಆದ್ದರಿಂದ ಸ್ಮಾರಕವೊಂದನ್ನು 'ಶಿಥಿಲ' ಎಂದಾಗ ಅದು ಮುರಿದಿದೆಯೇ, ಬಿರಿದಿದೆಯೇ, ಸಡಿಲಗೊಳ್ಳುತ್ತಿದೆಯೇ ಎಂಬುದನ್ನೂ ಹೇಳುವುದು ಅಗತ್ಯ.